ಹುಟ್ಟು ಕಲಾವಿದೆ ಎಂಬ ಬಿರುದು ನಿಮಗೇ ಇರಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ವೇದಿಕೆಯಾದರೂ ಸರಿ, ಹೆಣ್ಣು ಮತ್ತು ಕಲೆ ಎಂಬ ಮಾತು ಒಟ್ಟಿಗೆ ಬಂದರೆ ಅಧ್ಯಕ್ಷತೆ ವಹಿಸಿದವರು ಮೈಕು ಹತ್ತಿರ ಎಳೆದುಕೊಂಡು ಹೇಳುವುದು ಒಂದೇ: "ಕಲೆ ಅನ್ನೋದು ನಮ್ಮ ಹೆಣ್ಮಕ್ಕಳಿಗೆ ಹುಟ್ಟಿನಿಂದಲೇ ಬಂದಿರುತ್ತೆ. ಬೆಳಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಬಿಡೋ ತಾಯಿಗಿಂತ ದೊಡ್ಡ ಕಲಾವಿದೆ ಬೇಕಾ?" ಚಪ್ಪಾಳೆ ಬೀಳುತ್ತದೆ. ಮುಂದಿನ ಸಾಲಿನ ಹೆಂಗಸರೂ ತಟ್ಟುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಅದೇ ಮಹನೀಯರು ವೇದಿಕೆ ಇಳಿದು ಕಾರು ಹತ್ತುವಾಗ, "ನಿಮ್ಮ ಮಗಳು ಚಿತ್ರಕಲೆಗೆ ಸೇರ್ತಾಳಂತೆ?" ಎಂದು ಕೇಳಿ ನೋಡಿ. "ಅಯ್ಯೋ, ಅದೆಲ್ಲ ಹವ್ಯಾಸಕ್ಕೆ ಸರಿ ಕಣಪ್ಪ. ಬಿ.ಎಡ್. ಮಾಡಿಸಿ ಒಂದು ಕಡೆ ಸೇರಿಸ್ತೀವಿ. ಅಲ್ಲಿಗೆ ಹೋದ್ರೆ ಸ್ತ್ರೀವಾದ ಗೀವಾದ ಅಂತ ತಲೆ ಕೆಡಿಸ್ಕೊಂಡು ಬರ್ತವೆ. ಅವೆಲ್ಲ ಬೆಂಗಳೂರಿನೋರಿಗೆ."

ಎರಡೂ ಮಾತು ಒಂದೇ ಬಾಯಿಂದ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಹುಟ್ಟಿನಿಂದಲೇ ಬಂದದ್ದಕ್ಕೆ ಕಾಲೇಜು ಯಾಕೆ, ಫೀಸು ಯಾಕೆ? ಕೂತು ಬರೆಯಲು ಕೋಣೆ ಯಾಕೆ? ಕೂಲಿ ಯಾಕೆ, ಕೆಳಗೊಂದು ರುಜು ಯಾಕೆ? ಉಸಿರಾಡುವುದಕ್ಕೆ ಯಾರಾದರೂ ಸಂಬಳ ಕೇಳುತ್ತಾರೆಯೇ? ಹೆಣ್ಣಿನ ಕೈಯ ಕಲೆಯನ್ನು ಹೊಗಳಿ ಹೊಗಳಿಯೇ ಅವಳು ಕಲಾವಿದೆಯಾಗದಂತೆ ನೋಡಿಕೊಳ್ಳುವ ವಿದ್ಯೆ ನಮ್ಮ ಸೀಮೆಗೆ ಚೆನ್ನಾಗಿ ಒಲಿದಿದೆ. ಬೈದು ತಡೆದರೆ ಹುಡುಗಿ ಎದುರು ನಿಲ್ಲಬಹುದು. ಹೊಗಳಿ ತಡೆದರೆ ಯಾರ ಎದುರು ನಿಲ್ಲುತ್ತಾಳೆ?

ಇಂಥ ಹುಡುಗಿಯರು ಮೂರೂ ತಾಲ್ಲೂಕಿನಲ್ಲಿ ಇದ್ದಾರೆ. ಹೆಸರು ಕೇಳಬೇಡಿ, ನಾನು ಹೆಸರು ಬರೆದರೆ ನಾಳೆ ಅವರ ಜಗಲಿಯ ಮೇಲೆ ದೊಡ್ಡಪ್ಪ ಚಿಕ್ಕಪ್ಪಂದಿರ ಪಂಚಾಯ್ತಿ ಕೂರುತ್ತದೆ. ರಾತ್ರಿ ಪಾತ್ರೆ ತೊಳೆದ ಮೇಲೆ ಚಿತ್ರ ಬರೆಯುವವರು, ಬರೆದದ್ದನ್ನು ಬೀರುವಿನ ಸೀರೆಗಳ ಅಡಿ ಇಡುವವರು, ಮೊಬೈಲಿನಲ್ಲಿ ಬೇರೆ ಹೆಸರಿನ ಖಾತೆ ತೆರೆದು ಅಲ್ಲಿ ಮಾತ್ರ ತೋರಿಸುವವರು. ಈ ಲೇಖನ ಅವರ ಪರವಾಗಿ. ಸಮತೋಲನ ಬೇಕಾದವರು ಮುಂದೆ ಓದಬೇಕಾಗಿಲ್ಲ.

ರಂಗೋಲಿಯಿಂದಲೇ ಶುರುಮಾಡೋಣ, ನಿಮಗೆ ಅದು ಇಷ್ಟವಲ್ಲವೇ. ಸಂಕ್ರಾಂತಿಗೆ, ರಾಜ್ಯೋತ್ಸವಕ್ಕೆ, ಗಣಪತಿ ಕೂರಿಸಿದಾಗ ಊರೂರಲ್ಲಿ ನಡೆಯುವ ಸ್ಪರ್ಧೆಗಳಿಗೆ ನಾನೂ ತೀರ್ಪುಗಾರ್ತಿಯಾಗಿ ಹೋದವಳೇ. ಮೊದಲ ಬಹುಮಾನ ಕುಕ್ಕರ್. ಎರಡನೆಯದು ಹಾಟ್‌ಬಾಕ್ಸ್. ಮೂರನೆಯದು ಸ್ಟೀಲ್ ಡಬ್ಬಿ. ಅದೇ ಮೈದಾನದಲ್ಲಿ ಸಂಜೆ ಕಬಡ್ಡಿ ಗೆದ್ದ ಹುಡುಗರಿಗೆ ನಗದು, ಎದೆಮಟ್ಟದ ಟ್ರೋಫಿ. ಅವರಿಗೆ ಯಾರೂ ನೇಗಿಲು ಬಹುಮಾನ ಕೊಡುವುದಿಲ್ಲ. ಗೆದ್ದ ಹೆಂಗಸಿಗೆ ಮಾತ್ರ, ಎರಡು ತಾಸು ಒಲೆ ಬಿಟ್ಟು ಬಂದಿದ್ದೀಯ, ಹೋಗು ಅಲ್ಲಿಗೇ ಎಂದು ದಾರಿ ತೋರಿಸುವ ಪಾತ್ರೆ. ಹೆಸರು ಕೂಗುವಾಗ ಗಂಡನ ಹೆಸರು ಅಂಟಿಸಿಯೇ ಕೂಗುತ್ತಾರೆ. ಒಮ್ಮೆ ಒಬ್ಬಾಕೆ ಕಮಲ, ನವಿಲು ಬಿಟ್ಟು ಹಗ್ಗ ಹೊಸೆಯುವ ಎರಡು ಕೈ ಬರೆದಿದ್ದಳು. ಮುಖವಿಲ್ಲ, ಮೈಯಿಲ್ಲ, ನಾರು ತಿಂದು ಬಿರಿದ ಬೆರಳುಗಳು ಮಾತ್ರ. ನನಗೆ ಅಂದು ಅದರ ಮುಂದಿನಿಂದ ಹೆಜ್ಜೆ ಕೀಳಲಾಗಲಿಲ್ಲ. ಸಂಘಟಕರು ನಯವಾಗಿಯೇ ಹೇಳಿದರು: "ಚೆನ್ನಾಗೇನೋ ಇದೆ ಮೇಡಂ, ಮಂಗಳಕರವಾಗಿಲ್ಲ." ಬಹುಮಾನ ನವಿಲಿಗೆ ಹೋಯಿತು. ನಿಮ್ಮ ಹುಟ್ಟು ಕಲಾವಿದೆ ಏನು ಬರೆಯಬೇಕು ಎಂಬುದೂ ಅವಳು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ.

ಇನ್ನೊಂದು ಕೇಳುತ್ತೇನೆ. ಹುಟ್ಟಿನಿಂದ ಬಂದ ಈ ಕಲೆ ತಿಂಗಳಿಗೆ ಮೂರು ದಿನ ಎಲ್ಲಿಗೆ ಹೋಗುತ್ತದೆ? ಮುಟ್ಟಾದವಳು ಬಾಗಿಲಿಗೆ ರಂಗೋಲಿ ಬಿಡುವಂತಿಲ್ಲ ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಎಷ್ಟಿಲ್ಲ? ಹಸೆಮಣೆಯ ಮುಂದೆ ಎಳೆ ಎಳೆಯಲು ಮುತ್ತೈದೆಯೇ ಆಗಬೇಕು. ಮೂವತ್ತು ವರ್ಷ ಕೇರಿಗೆಲ್ಲ ರಂಗೋಲಿ ಹಾಕಿಕೊಟ್ಟ ಹೆಂಗಸಿನ ಗಂಡ ತೀರಿಕೊಂಡರೆ ಮುಂದಿನ ಮದುವೆಯಲ್ಲಿ ಅವಳು ಹಿತ್ತಲಲ್ಲಿ ತರಕಾರಿ ಹೆಚ್ಚುತ್ತಿರುತ್ತಾಳೆ. ಕಲೆ ಅವಳ ಕೈಯಲ್ಲಿತ್ತೋ, ಗಂಡನ ಉಸಿರಿನಲ್ಲಿತ್ತೋ? ಇಷ್ಟೆಲ್ಲ ಷರತ್ತು ಹಾಕಿ ಕೊಟ್ಟದ್ದನ್ನು ಹುಟ್ಟಿನಿಂದ ಬಂದದ್ದು ಎಂದು ಕರೆಯಲು ನಾಚಿಕೆಯಾಗುವುದಿಲ್ಲವೇ?

ಗಂಡು ಕಲಾವಿದನ ವಿಷಯದಲ್ಲಿ ನಮ್ಮ ಜಿಲ್ಲೆಯ ಔದಾರ್ಯ ನೋಡಿ. ತುಮಕೂರು ಪಕ್ಕದ ಕೈದಾಳ ಜಕಣಾಚಾರಿಯ ಊರೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಜಕಣ ಎಂಬೊಬ್ಬ ಶಿಲ್ಪಿ ನಿಜವಾಗಿ ಇದ್ದನೇ ಎಂಬುದರಲ್ಲಿ ಇತಿಹಾಸಕಾರರಿಗೆ ಅನುಮಾನವಿದೆ. ಐತಿಹ್ಯಕ್ಕೆ ಆ ಅನುಮಾನ ಇಲ್ಲ. ಕಥೆಯಲ್ಲಿ ಅವನು ಬಸುರಿ ಹೆಂಡತಿಯನ್ನು ಬಿಟ್ಟು ಕಲೆಯ ಹಿಂದೆ ಹೋಗುತ್ತಾನೆ. ವರ್ಷಗಳ ಮೇಲೆ ಮಗ ಡಂಕಣ ಅಪ್ಪನನ್ನು ಹುಡುಕಿಕೊಂಡು ಬೇಲೂರಿಗೆ ಬಂದು ಅಪ್ಪ ಕಡೆದ ಮೂರ್ತಿಯ ಕಲ್ಲಿನೊಳಗಿನ ಕಪ್ಪೆಯನ್ನು ತೋರಿಸುತ್ತಾನೆ. ಆಡಿದ ಮಾತಿಗೆ ಕಟ್ಟುಬಿದ್ದು ಅಪ್ಪ ಕೈ ಕಡಿದುಕೊಳ್ಳುತ್ತಾನೆ, ದೇವರು ಕೈ ಮರಳಿ ಕೊಡುತ್ತಾನೆ. ಅಪ್ಪನಿಗೆ ಕೀರ್ತಿ, ಮಗನಿಗೆ ಕೀರ್ತಿ, ಕಪ್ಪೆಗೂ ಕೀರ್ತಿ. ಆ ಮಗುವನ್ನು ಹೆತ್ತು, ಸಾಕಿ, ಉಳಿ ಹಿಡಿಯುವ ವಯಸ್ಸಿಗೆ ತಂದವಳು ಕಥೆ ಹೇಳುವವರ ಬಾಯಲ್ಲಿ ಬರೀ "ಅವನ ಹೆಂಡತಿ". ಇದೇ ಕಥೆಯ 1964ರ ಸಿನಿಮಾಕ್ಕೆ ನಾಯಕಿ ಬೇಕಿತ್ತು, ಹಾಗಾಗಿ ಅಲ್ಲಿ ಅವಳಿಗೊಂದು ಮುಖವಾದರೂ ಸಿಕ್ಕಿತು. ಗಂಡಸು ಕಲೆಗಾಗಿ ಬಸುರಿಯನ್ನು ಬಿಟ್ಟು ಹೋದರೆ ಅಮರಶಿಲ್ಪಿ. ಅದೇ ಕೈದಾಳದಿಂದ ಇಂದು ಒಬ್ಬ ಹೆಂಗಸು ಎರಡು ವರ್ಷದ ಮಗುವನ್ನು ಅತ್ತೆಯ ಬಳಿ ಬಿಟ್ಟು ಮೈಸೂರಿನ ಕಲಾಶಾಲೆಗೆ ಹೋಗಲಿ, ಅವಳಿಗೆ ನೀವು ಯಾವ ಬಿರುದು ಕೊಡುತ್ತೀರಿ? ಬಾಯಿಬಿಟ್ಟು ಹೇಳಿ.

ತಿಪಟೂರಿನಿಂದ ಚನ್ನರಾಯಪಟ್ಟಣದ ದಾರಿ ಹಿಡಿದರೆ ನುಗ್ಗೇಹಳ್ಳಿ. 1246ರಲ್ಲಿ ಕಟ್ಟಿದ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯಲ್ಲಿ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾರೆ: ಮಲ್ಲಿತಮ್ಮ, ಬೈಚೋಜ. ಏಳುನೂರಾ ಚಿಲ್ಲರೆ ವರ್ಷದಿಂದ ಆ ಹೆಸರುಗಳು ಓದಲು ಬರುತ್ತಿವೆ. ಹೊಯ್ಸಳರ ಗೋಡೆಗಳ ತುಂಬ ಹೆಂಗಸರಿದ್ದಾರೆ, ಕುಣಿಯುವವರು, ಕನ್ನಡಿ ಹಿಡಿದವರು. ಕನ್ನಡಿ ಹಿಡಿದವಳನ್ನು ಕಡೆದವನು ಗಂಡು. ಕನ್ನಡಿಯೊಳಗೆ ಅವಳಿಗೆ ಏನು ಕಂಡಿತು ಎಂದು ಯಾವ ಹೆಣ್ಣು ಕೈಯೂ ಕಡೆದು ತೋರಿಸಲಿಲ್ಲ, ಆ ಕೈಗೆ ಉಳಿ ಸಿಕ್ಕಿರಲಿಲ್ಲ. "ಹಾಗಾದ್ರೆ ಹೆಂಗಸರಲ್ಲಿ ಜಕಣಾಚಾರಿ ಯಾಕಿಲ್ಲ?" ಎಂದು ಮೀಸೆಯಡಿ ನಗುವವರಿಗೆ ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ 1971ರಲ್ಲೇ ಉತ್ತರ ಬರೆದಿದ್ದಾರೆ: ಹೆಣ್ಣಿನ ಪ್ರತಿಭೆಯನ್ನಲ್ಲ, ಕಲಿಸುವ ಮನೆಗಳ ಬಾಗಿಲನ್ನು ಪರೀಕ್ಷಿಸಿ ಎಂಬುದು ಅದರ ಸಾರ. ನಮ್ಮಲ್ಲೇ ಸಾಕ್ಷಿ ಬೇಕಿದ್ದರೆ ಕನಕಾ ಮೂರ್ತಿ ಇದ್ದರು. 1942ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ, ದೇವಲಕುಂದ ವಾದಿರಾಜರ ಬಳಿ ಕಲ್ಲಿನ ಕೆಲಸ ಕಲಿತವರು. ಕಲ್ಲು ಹೆಣ್ಣಿಗಲ್ಲ ಎನ್ನುತ್ತಿದ್ದ ಕಾಲದಲ್ಲಿ ಉಳಿ ಹಿಡಿದು, ಕೊನೆಗೆ ಅದೇ ಜಕಣಾಚಾರಿಯ ಹೆಸರಿನ ರಾಜ್ಯ ಪ್ರಶಸ್ತಿ ಪಡೆದರು. ಬೆಂಗಳೂರಿನ ಲಾಲ್‌ಬಾಗ್ ಪಶ್ಚಿಮ ದ್ವಾರದ ಕುವೆಂಪು ಮೂರ್ತಿ ಅವರ ಕೈಯದು. 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಬಾಗಿಲು ತೆರೆದ ಒಬ್ಬ ಗುರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಅವರು ಸಾಕ್ಷಿ. ನಮ್ಮ ತೆಂಗಿನ ಸೀಮೆಯ ಎಷ್ಟು ಶಾಲಾಮಕ್ಕಳು ಆ ಹೆಸರು ಕೇಳಿದ್ದಾರೆ?

ಇನ್ನು "ಸ್ತ್ರೀವಾದ ಹೊರಗಿನಿಂದ ಬಂದದ್ದು" ಎಂಬ ಮಾತು. ಇದನ್ನು ಹೇಳುವ ಕೊಬ್ಬರಿ ಮಂಡಿ ಮಾಲೀಕರ ತಲೆಯ ಮೇಲಿನ ಕ್ಯಾಲೆಂಡರಿನಲ್ಲೇ, ಊದುಬತ್ತಿ ಹೊಗೆಯಲ್ಲಿ, ಒಬ್ಬ ಲಕ್ಷ್ಮಿ ನಿಂತಿರುತ್ತಾಳೆ. ಕಮಲದ ಮೇಲೆ, ಕೆಂಪು ಸೀರೆಯಲ್ಲಿ, ಪಕ್ಕದಲ್ಲಿ ಆನೆ. ರಾಜಾ ರವಿವರ್ಮ ಯುರೋಪಿನ ತೈಲವರ್ಣದ ಕ್ರಮದಲ್ಲಿ ಬರೆದ ಲಕ್ಷ್ಮಿಯ ಮೊಮ್ಮಗಳು ಆಕೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮರ ಮುದ್ರಣಾಲಯ ಜರ್ಮನಿಯ ತಂತ್ರಜ್ಞರ ಕೈಯಲ್ಲಿ ನಡೆಯಿತು, ಆಮೇಲೆ ಷ್ಲೈಶರ್ ಎಂಬ ಜರ್ಮನ್ನನಿಗೇ ಮಾರಾಟವಾಯಿತು. ಬಣ್ಣ ಹೊರಗಿನದು, ಯಂತ್ರ ಹೊರಗಿನದು, ಬರೆಯುವ ಕ್ರಮ ಹೊರಗಿನದು. ದೇವರ ಕೋಣೆಗೆ ಬರಲು ಅದಕ್ಕೆ ಯಾರೂ ಊರಿನ ಹೆಸರು ಕೇಳಲಿಲ್ಲ. ಅಡಿಗೆಮನೆಯ ಮೆಣಸಿನಕಾಯಿಗೂ ಕೇಳಲಿಲ್ಲ. ಹೆಣ್ಣು ಬಾಯಿ ತೆರೆದಾಗ ಮಾತ್ರ ನಿಮಗೆ ವಿಳಾಸದ ಪುರಾವೆ ಬೇಕು.

ಇದೇ ಲಕ್ಷ್ಮಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಕಲಾವಿದೆ ಬೆಂಗಳೂರಿನವರೇ, ಎನ್. ಪುಷ್ಪಮಾಲಾ. ಬರೋಡದಲ್ಲಿ ಶಿಲ್ಪ ಕಲಿತು, ಆಮೇಲೆ ಕ್ಯಾಮೆರಾ ಮುಂದೆ ತಾವೇ ವೇಷ ಕಟ್ಟಿ ನಿಂತವರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ಅವರು ರವಿವರ್ಮರ ಲಕ್ಷ್ಮಿಯಾಗಿ ನಿಲ್ಲುತ್ತಾರೆ. ಅದೇ ಸರಣಿಯಲ್ಲಿ ಪೊಲೀಸರು ಹಿಡಿದು ಫೋಟೋಕ್ಕೆ ನಿಲ್ಲಿಸಿದ ಕಳ್ಳಿಯೂ ಅವರೇ, ಬ್ರಿಟಿಷರು ಅಳತೆಗೆಂದು ನಿಲ್ಲಿಸಿದ ಬುಡಕಟ್ಟಿನ ಹೆಂಗಸೂ ಅವರೇ. ಹೆಣ್ಣಿಗೆ ನಾವು ಹೊಲಿದಿಟ್ಟ ಅಂಗಿಗಳನ್ನೆಲ್ಲ ಒಬ್ಬಳೇ ತೊಟ್ಟು ತೋರಿಸಿದರೆ ಅಂಗಿ ಯಾರದು, ಮೈ ಯಾರದು ಎಂಬ ಅನುಮಾನ ತಾನಾಗಿ ಏಳುತ್ತದೆ. ಇದನ್ನು ಅರ್ಥಮಾಡಿಕೊಳ್ಳಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ಕೊಬ್ಬರಿ ಮಂಡಿಯ ಕ್ಯಾಲೆಂಡರ್ ಸಾಕು.

ಇನ್ನೊಬ್ಬ ಕಲಾವಿದೆ ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ ಸುತ್ತಿ ಬಂದ ಈಕೆ ತೊಂಬತ್ತರ ದಶಕದ ಆರಂಭದಲ್ಲಿ ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದಾಗ ಕುಂಚ ಬದಿಗಿಟ್ಟು ಕೈಗೆತ್ತಿಕೊಂಡದ್ದು ಏನನ್ನು? ಸಗಣಿಯನ್ನು. ನಿಮ್ಮ ಅವ್ವ ಅಂಗಳ ಸಾರಿಸುವ, ಬೆರಣಿ ತಟ್ಟುವ ಅದೇ ಸಗಣಿ. 1998ರಲ್ಲಿ ಸೂಜಿಗಳಿಗೆ ಮಾರುಗಟ್ಟಲೆ ದಾರ ಪೋಣಿಸಿ, ಕುಂಕುಮ ಅಂಟು ಸವರಿ, ಗೋಡೆಯಿಂದ ಗೋಡೆಗೆ ಕರುಳಿನಂತೆ ಇಳಿಬಿಟ್ಟರು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಮನುಷ್ಯರ ಕೂದಲಿನ ಹಗ್ಗಕ್ಕೆ ಕಾರಿನ ಬಂಪರುಗಳನ್ನು ತೂಗಿಬಿಟ್ಟರು. ದೃಷ್ಟಿಯಾಗದಿರಲೆಂದು ಗಾಡಿಗೆ ಕಟ್ಟುವ ಅದೇ ಕೂದಲು. ತಮಗೆ ಯಾವ ಹಣೆಪಟ್ಟಿ ಬೇಕು ಎಂಬುದು ಅವರಿಗೆ ಬಿಟ್ಟದ್ದು. ನನ್ನ ಪ್ರಶ್ನೆ ಬೇರೆ. ಸಗಣಿ, ಸೂಜಿ, ದಾರ, ಕುಂಕುಮ, ಕೂದಲು: ಇದರಲ್ಲಿ ಯಾವುದು ಹಡಗಿನಲ್ಲಿ ಬಂತು?

"ನಮ್ಮ ಕಡೆ ಬರೆಯೋಕೆ ಏನಿದೆ, ತೆಂಗಿನ ಮರ ಬಿಟ್ರೆ" ಎನ್ನುವವರೂ ಇದ್ದಾರೆ. ತೆಂಗಿನ ಮರವನ್ನೇ ನೋಡಿ ಸ್ವಾಮಿ, ನೋಡಿದ್ದರೆ. ದೋಟಿ ಹಿಡಿದು ಕಾಯಿ ಕೀಳುವವನು ಒಬ್ಬ. ಬಿದ್ದದ್ದನ್ನು ಆಯ್ದು, ಬುಟ್ಟಿಯಲ್ಲಿ ಹೊತ್ತು, ಗುಡ್ಡೆ ಹಾಕುವವರು ಯಾರು? ಕಾಯಿ ಅಟ್ಟಕ್ಕೇರಿ ಹತ್ತು ಹನ್ನೊಂದು ತಿಂಗಳು ಕತ್ತಲಲ್ಲಿ ಒಣಗುತ್ತದಲ್ಲ, ಆ ಅಟ್ಟದ ಕೆಳಗೇ ಒಲೆ, ಒಲೆಯ ಮುಂದೆ ಯಾರು? ಕರಟ ಒಡೆದು ಉಂಡೆ ಸೀಳದಂತೆ ಕೊಬ್ಬರಿ ಬಿಡಿಸುವ ಕೈ, ನಾರಿನ ಕಾರ್ಖಾನೆಯ ಧೂಳಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಮಟ್ಟೆ ಎಸೆಯುವ ಕೈ, ಗರಿ ಸೀಳಿ ಕಡ್ಡಿಪೊರಕೆ ಕಟ್ಟುವ ಕೈ, ಇವುಗಳನ್ನು ಬರೆದ ಚಿತ್ರ ನಮ್ಮ ಯಾವ ಕಚೇರಿಯ ಗೋಡೆಯಲ್ಲಿದೆ? ಕಲ್ಪತರು ನಾಡು ಎಂದು ಸ್ವಾಗತ ಕಮಾನು ಬರೆಸುತ್ತೀರಿ. ಕಲ್ಪವೃಕ್ಷದ ತೋಟದ ಪಹಣಿಯಲ್ಲಿ ಯಾರ ಹೆಸರಿದೆ? ಈ ಪ್ರಶ್ನೆಯನ್ನು ಒಬ್ಬ ಹುಡುಗಿ ಕರಟ, ನಾರು, ಗರಿ ಬಳಸಿ ಕೇಳಿದರೆ ಅದೇ ಸ್ತ್ರೀವಾದಿ ಕಲೆ. ಹೊಸೆಯುವ ಕೈ ಬರೆದ ಆ ಹೆಂಗಸು ಕೇಳಿದ್ದೂ ಇದನ್ನೇ.

ಅದಕ್ಕೂ ಕಠಿಣವಾದ ಪ್ರಶ್ನೆ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಹಸಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದರು. ಮಳೆಗಾಳಿಗೆ ಸಿಕ್ಕ ಹಸುಗೂಸು ಬದುಕಲಿಲ್ಲ. ಅಧಿಕಾರಿಗಳು ಬಂದರು, ಪತ್ರಿಕೆಗಳು ಬರೆದವು, ಪೇಟೆಯವರು ಹಟ್ಟಿಯವರನ್ನು ಬೈದು ಕೈ ತೊಳೆದುಕೊಂಡರು. ಹಟ್ಟಿಯ ಗುಡಿಸಲು ಮತ್ತು ಪೇಟೆಯ ಟೈಲ್ಸ್ ಮನೆಯಲ್ಲಿ ಮುಟ್ಟಾದವಳಿಗೆ ಮುಚ್ಚಿದ ದೇವರ ಕೋಣೆ ಒಂದೇ ಬೀದಿಯ ಎರಡು ತುದಿ ಎಂದು ಹೇಳಿದವರು ಕಡಿಮೆ. ವರದಿಗೆ ಒಂದು ವಾರ ಆಯುಸ್ಸು. ಆ ಗುಡಿಸಲನ್ನು ಅದರ ಅಳತೆಯಲ್ಲೇ ಕಟ್ಟಿ ತಾಲ್ಲೂಕು ಕಚೇರಿಯ ಮುಂದೆ ಒಂದು ತಿಂಗಳು ನಿಲ್ಲಿಸುವ ಧೈರ್ಯ ಕಲೆಗೆ ಮಾತ್ರ ಇರುತ್ತದೆ. ಆ ಧೈರ್ಯದ ಹುಡುಗಿಗೆ ಅನುಮತಿ ಪತ್ರಕ್ಕೆ ಯಾರು ಸಹಿ ಹಾಕುತ್ತೀರಿ? ಅಥವಾ ಅದೂ ಮಂಗಳಕರವಾಗಿಲ್ಲವೇ?

ದುಡಿಮೆಗೆ ಬೆಲೆ ಅಂದರೆ ಏನು ಎಂದು ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಾಗ ರೈತರು ಬೀದಿಗಿಳಿದರು. ನ್ಯಾಯವಾದ ಸಿಟ್ಟು. ಬೆವರಿಗೆ ಲೆಕ್ಕ ಕೇಳಿದರು, ಖರ್ಚು ಬರೆದು ತೋರಿಸಿದರು, ನಾಫೆಡ್ ಖರೀದಿಗೆ ಪಟ್ಟು ಹಿಡಿದರು. ಅದೇ ಮನೆಯ ಸೊಸೆ ಬರೆದ ಚಿತ್ರವನ್ನು ಶಾಲಾ ವಾರ್ಷಿಕೋತ್ಸವಕ್ಕೆ, ಪಂಚಾಯ್ತಿ ಗೋಡೆಗೆ, ನೆಂಟರ ಆರತಿ ತಟ್ಟೆಗೆ ಪುಕ್ಕಟೆ ಕೇಳುವಾಗ ಮಾತ್ರ "ದೇವರು ಕೊಟ್ಟ ಕೈ, ಅದಕ್ಕೇನು ದುಡ್ಡು" ಎನ್ನುತ್ತೀರಿ. ತೆಂಗು ದೇವರು ಕೊಟ್ಟ ಮರ ಅಲ್ಲವೇ? ಕೊಬ್ಬರಿ ಪುಕ್ಕಟೆ ಕೊಡುತ್ತೀರಾ?

ಸುದ್ದಿ ಮಾಡುವವರದ್ದೂ ಒಂದು ಪಾಲಿದೆ. ಅಪರೂಪಕ್ಕೆ ನಮ್ಮ ಹುಡುಗಿಯೊಬ್ಬಳ ಚಿತ್ರ ಎಲ್ಲಾದರೂ ಪ್ರದರ್ಶನವಾದರೆ ಸಂದರ್ಶನದ ಮೊದಲ ಪ್ರಶ್ನೆ "ನಿಮಗೆ ಸ್ಫೂರ್ತಿ ಯಾರು?" ಎರಡನೆಯದು "ಮನೆಯವರ ಸಹಕಾರ ಹೇಗಿದೆ?" ಅಮ್ಮನ ರಂಗೋಲಿ, ಅಪ್ಪನ ಆಶೀರ್ವಾದ, ಗಂಡನ ಬೆಂಬಲ ಎಂದು ಅವಳು ಹೇಳಲೇಬೇಕು. ಸಿಟ್ಟೇ ನನ್ನ ಸ್ಫೂರ್ತಿ ಎಂದರೆ ಅಚ್ಚಾಗುವುದಿಲ್ಲ. ಯಾವ ಗಂಡು ಚಿತ್ರಕಾರನಿಗೆ ಹೆಂಡತಿಯ ಸಹಕಾರ ಕೇಳಿದ್ದೀರಿ? ಬೆಂಗಳೂರಿನ ಕೆಲವು ಗ್ಯಾಲರಿಗಳಿಗೆ ಇನ್ನೊಂದು ರೋಗ: ಹಳ್ಳಿ ಹೆಂಗಸೆಂದರೆ ಅಳಬೇಕು, ಅವಳ ಚಿತ್ರದಲ್ಲಿ ಮಣ್ಣು ಇರಬೇಕು, ಮಾತಾಡುವಾಗ ಇಂಗ್ಲಿಷ್ ಬರಬಾರದು. ನಮ್ಮವರು ರಂಗೋಲಿಯೊಳಗೆ ಕೂಡಿಹಾಕಿದರೆ ಇವರು ಕಣ್ಣೀರಿನೊಳಗೆ ಕೂಡಿಹಾಕುತ್ತಾರೆ.

ತಿಪಟೂರು ಪಕ್ಕದ ದಸರೀಘಟ್ಟದಲ್ಲಿ ಚೌಡೇಶ್ವರಿ ತಾನೇ ಬರೆದು ಅಪ್ಪಣೆ ಕೊಡುತ್ತಾಳೆ ಎಂದು ದೂರದೂರಿನಿಂದ ಜನ ಬಂದು ಸಾಲು ನಿಲ್ಲುತ್ತಾರೆ. ದೇವಿ ಬರೆದರೆ ಕೈಮುಗಿಯುವ ಊರು, ಮನೆಮಗಳು ಗೋಡೆಯ ಮೇಲೆ ಬರೆದರೆ ಸುಣ್ಣ ಬಳಿಯುತ್ತದೆ. ಅರಳಿಕಟ್ಟೆಗೆ ಹೆಂಗಸು ಸುತ್ತು ಬರಬಹುದು, ಕಾಲು ಇಳಿಬಿಟ್ಟು ಕೂರುವಂತಿಲ್ಲ. ಕಲಾವಿದೆ ಇಂದು ಆಂಟನಿ ಬೆಂಗಳೂರಿನ ಲಿಂಗರಾಜಪುರದಲ್ಲಿ 'ನಮ್ಮ ಕಟ್ಟೆ' ಎಂದು ಹೆಂಗಸರು ಸುಮ್ಮನೆ ಬಂದು ಕೂರಲಿಕ್ಕೇ ಒಂದು ಜಾಗ ಮಾಡಿದರು. ಜಸ್ಮೀನ್ ಪಥೇಜಾ 2003ರಲ್ಲಿ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಬಳಗದ ಹೆಂಗಸರು ಹಗಲು ಪಾರ್ಕಿನಲ್ಲಿ ಮಲಗಿ ನಿದ್ದೆ ಮಾಡಿದರು. ಕೂರುವುದು, ಮಲಗುವುದು ಕಲೆಯೇ ಎಂದು ನಗುತ್ತೀರಲ್ಲ, ನಿಮ್ಮ ಊರಿನ ಕಟ್ಟೆಯ ಮೇಲೆ ನಾಳೆ ಹತ್ತು ಹೆಂಗಸರು ಸಂಜೆ ಆರರಿಂದ ಎಂಟರವರೆಗೆ ಕೂರಲಿ. ಕಲೆಯೋ ಅಲ್ಲವೋ ಎಂಬ ಚರ್ಚೆ ಎಂಟೂಕಾಲಿಗೆ ಇಟ್ಟುಕೊಳ್ಳೋಣ.

ಹೊಗಳಿಕೆ ಸಾಕು, ಲೆಕ್ಕಕ್ಕೆ ಬನ್ನಿ. ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಪಟ್ಟಣ ಪಂಚಾಯಿತಿ ಗೋಡೆಬರಹಕ್ಕೆ ಖರ್ಚು ಮಾಡುವ ಹಣದಲ್ಲಿ ಅರ್ಧ ಈ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಕೆಲಸವಾಗಿ ಹೋಗಬೇಕು. ವಿಷಯ ಅವರದ್ದು, ಕೂಲಿ ಮುಂಗಡ, ಕೆಳಗೆ ಅವರದೇ ಹೆಸರು, ತಂದೆ ಗಂಡನ ಬಾಲವಿಲ್ಲದೆ. ಕೊಬ್ಬರಿ ಮಾರುಕಟ್ಟೆಯ ಉದ್ದನೆಯ ಗೋಡೆ ಮೊದಲು ಬಿಟ್ಟುಕೊಡಿ. ಪ್ರೌಢಶಾಲೆಗಳಲ್ಲಿ ಖಾಲಿ ಬಿದ್ದಿರುವ ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬಿ ಎಂದು ಶಾಸಕರನ್ನು ಕೊಬ್ಬರಿ ಬೆಲೆಗೆ ಹಿಡಿದಷ್ಟೇ ಗಟ್ಟಿಯಾಗಿ ಹಿಡಿಯಿರಿ. ತಾಲ್ಲೂಕು ಗ್ರಂಥಾಲಯದ ಒಂದು ಕೋಣೆಯ ಬೀಗದ ಕೈ ಸಂಜೆ ಹೊತ್ತು ಹುಡುಗಿಯರ ಕೈಗೆ ಬರಲಿ. ತಿಪಟೂರಿನ ಸತ್ಯಗಣಪತಿಯ ಮಂಟಪದಲ್ಲಿ ಆರ್ಕೆಸ್ಟ್ರಾಕ್ಕೆ ಸಿಗುವ ಒಂದು ಸಂಜೆ ಅವರ ಪ್ರದರ್ಶನಕ್ಕೂ ಸಿಗಲಿ. ಅಕ್ಕಂದಿರೇ, ರಂಗೋಲಿ ಸ್ಪರ್ಧೆಯ ಕರಪತ್ರ ಮನೆಗೆ ಬಂದಾಗ ಮೊದಲು ಬಹುಮಾನದ ಪಟ್ಟಿ ಓದಿ. ಅದರಲ್ಲಿ ಕುಕ್ಕರ್ ಇದ್ದರೆ ಹೋಗಬೇಡಿ, ಯಾರೂ ಹೋಗಬೇಡಿ. ಮೈದಾನ ಖಾಲಿ ಬಿದ್ದಿರಲಿ, ಅಧ್ಯಕ್ಷರು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಲಿ. ಮತ್ತೆ ಕರೆಯಲು ಬಂದರೆ ಅವರಿಗೆ ಹೇಳಿ: ನಗದು ಎಷ್ಟು, ಗೋಡೆ ಯಾವುದು, ಹೆಸರು ಎಲ್ಲಿ ಬರೆಯಬೇಕು ಎಂದು ಕಾಗದದ ಮೇಲೆ ಬರೆದು ತನ್ನಿ, ಆಮೇಲೆ ಮಾತಾಡೋಣ.